ಹೊಸ ರೋಡ್ ಬೈಕ್ ಮತ್ತು ನಂದಿ ಬೆಟ್ಟದ ಏರು: ತೊಡಕು ಸೈಕಲ್ಲಿನದೋ, ನನ್ನ ದೇಹದ್ದೋ?

ಪ್ರಶ್ನೆ: ಯಲಹಂಕದ ಸವಾರ

ಎಲ್ಲರಿಗೂ ನಮಸ್ಕಾರ. ಆರು ವರ್ಷ ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ ತುಳಿದ ಮೇಲೆ ಮೂರು ವಾರಗಳ ಹಿಂದೆ ಮೊದಲ ಬಾರಿಗೆ ರೋಡ್ ಬೈಕ್ ಕೊಂಡಿದ್ದೇನೆ. ಅದಕ್ಕೆ ಅಲ್ಯುಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಶಿಮಾನೊ ಸೋರಾ ಗೇರುಗಳು ಮತ್ತು ರಿಮ್ ಬ್ರೇಕ್ ಇವೆ. ಮುಂದೆ 50 ಮತ್ತು 34 ಹಲ್ಲುಗಳ ಎರಡು ಚೈನ್ ರಿಂಗುಗಳು, ಹಿಂದೆ 11ರಿಂದ 28 ಹಲ್ಲುಗಳ ಒಂಬತ್ತು ಗೇರಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು ಇದೆ. ಟೈರು 25 ಮಿಲಿಮೀಟರಿನದು. ಅದರ ಪಕ್ಕದಲ್ಲಿ ಗರಿಷ್ಠ 120 ಪಿಎಸ್‌ಐ ಎಂದು ಬರೆದಿರುವುದರಿಂದ ನಾನು 110ರವರೆಗೆ ಗಾಳಿ ತುಂಬುತ್ತಿದ್ದೇನೆ. ನನ್ನ ತೂಕ 72 ಕಿಲೋ, ಸೈಕಲ್ಲಿನದು ಸುಮಾರು 10 ಕಿಲೋ. ಹಳೆಯ ಹೈಬ್ರಿಡ್ 13.5 ಕಿಲೋ ಇತ್ತು. ಅದರ ಮುಂದೆ 48, 38, 28 ಹಲ್ಲುಗಳ ಮೂರು ರಿಂಗುಗಳೂ ಹಿಂದೆ 11ರಿಂದ 32 ಹಲ್ಲುಗಳ ಕ್ಯಾಸೆಟ್ಟೂ ಇದ್ದವು.

ಈವರೆಗೆ 420 ಕಿಲೋಮೀಟರ್ ಓಡಿಸಿದ್ದೇನೆ. ಬೆಳಗಿನ ಜಾವ ಯಲಹಂಕದಿಂದ ದೇವನಹಳ್ಳಿಗೆ ಹೋಗಿಬರುವ ದಾರಿಯಲ್ಲಿ ನನ್ನ ಸರಾಸರಿ ವೇಗ ಗಂಟೆಗೆ 22ರಿಂದ 23.5 ಕಿಲೋಮೀಟರಿಗೆ ಮಾತ್ರ ಏರಿದೆ. ನಂದಿ ಬೆಟ್ಟದ ಏರಿನಲ್ಲಿ, ಹೈಬ್ರಿಡ್‌ನಲ್ಲಿ ಒಮ್ಮೆಯೂ ಕಾಲು ನೆಲಕ್ಕೆ ಊರದವನು, ಈ ಸಲ ಕೊನೆಯ ತಿರುವುಗಳಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಹೈಬ್ರಿಡ್‌ನಲ್ಲಿ 58 ನಿಮಿಷ ಹಿಡಿಯುತ್ತಿದ್ದ ಏರಿಗೆ ಈಗ 61 ನಿಮಿಷ ಹಿಡಿಯಿತು. ಸುಮಾರು 40 ಕಿಲೋಮೀಟರ್ ಕಳೆಯುವಷ್ಟರಲ್ಲಿ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುತ್ತವೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಚಡಪಡಿಸಿದಂತೆ ಭಾಸವಾಗಿ ಧೈರ್ಯ ಸಾಲುವುದಿಲ್ಲ. ಎರಡು ವರ್ಷ ಹಣ ಕೂಡಿಟ್ಟು ಕೊಂಡ ಸೈಕಲ್ ಇದು. ಅಳತೆ ತಪ್ಪಾಗಿದೆಯೇ, ಅಥವಾ ದೇಹ ಹೊಂದಿಕೊಳ್ಳಲು ಇನ್ನೂ ಕಾಲ ಬೇಕೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಸೈಕಲ್ ರಿಪೇರಿ ಮಾಡುವವನು, ಶಿವಮೊಗ್ಗ

ನೀವು ಹಲ್ಲುಗಳ ಸಂಖ್ಯೆಯನ್ನು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಂದಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಹಳೆಯ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಮುಂದೆ 28, ಹಿಂದೆ 32 ಹಲ್ಲು. ಅಂದರೆ ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತಿತ್ತು. ಹೊಸದರ ಅತಿ ಹಗುರ ಗೇರು 34ಕ್ಕೆ 28, ಅದರಲ್ಲಿ ಒಂದು ಸುತ್ತಿಗೆ 2.55 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ ಎಂದುಕೊಂಡರೆ ಹಳೆಯದು ಗಂಟೆಗೆ 6.8 ಕಿಲೋಮೀಟರ್ ವೇಗದಲ್ಲಿ ಏರುತ್ತಿತ್ತು, ಹೊಸದು 9.2ರಲ್ಲಿ ಏರಲೇಬೇಕು. ನೂರು ಮೀಟರಿಗೆ ಹತ್ತು ಮೀಟರ್ ಏರುವ ಜಾಗದಲ್ಲಿ ಅದೇ 60 ಸುತ್ತನ್ನು ಕಾಯ್ದುಕೊಳ್ಳಲು ನಿಮ್ಮ ತೂಕದವರಿಗೆ ಹಳೆಯ ಸೈಕಲ್ಲಿನಲ್ಲಿ 170 ವಾಟ್ ಆಸುಪಾಸು ಸಾಕಾಗುತ್ತಿತ್ತು, ಹೊಸದರಲ್ಲಿ 225 ವಾಟ್ ಬೇಕು. ಅಷ್ಟು ಶಕ್ತಿ ಇಲ್ಲದಿದ್ದಾಗ ತುಳಿತ 45 ಸುತ್ತಿಗೆ ಇಳಿಯುತ್ತದೆ, ಮಂಡಿಯ ಮೇಲೆ ಭಾರ ಬೀಳುತ್ತದೆ, ಕೊನೆಗೆ ಕಾಲು ನೆಲಕ್ಕೆ ಬರುತ್ತದೆ. ನಿಮ್ಮ ದೇಹ ಸೋತಿಲ್ಲ, ಅದಕ್ಕೆ ಹಿಂದೆ ಇದ್ದ ಒಂದು ಮೆಟ್ಟಿಲನ್ನು ಕಿತ್ತುಕೊಳ್ಳಲಾಗಿದೆ ಅಷ್ಟೆ.

ಮೂರೂವರೆ ಕಿಲೋ ತೂಕ ಇಳಿದದ್ದರ ಲಾಭವೂ ಇದೆ, ಆದರೆ ಜನ ಎಣಿಸುವಷ್ಟು ದೊಡ್ಡದಲ್ಲ. ಏರು ಸುಮಾರು 450 ಮೀಟರ್ ಎಂದಿಟ್ಟುಕೊಂಡು, ನೀವು 150 ವಾಟ್ ಶಕ್ತಿಯಿಂದ ತುಳಿಯುತ್ತೀರಿ ಎಂದು ಲೆಕ್ಕ ಹಾಕಿದರೆ, ಆ ಮೂರೂವರೆ ಕಿಲೋವನ್ನು ಮೇಲಕ್ಕೆ ಎತ್ತುವುದು ತಪ್ಪಿದ್ದರಿಂದ ಉಳಿಯುವುದು ಒಂದೂಮುಕ್ಕಾಲು ನಿಮಿಷ. ಅಂಗಡಿಗಳಲ್ಲಿ ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಿ ತೋರಿಸುತ್ತಾರೆ, ಆದರೆ ಹಿಂದಿನ ಕ್ಯಾಸೆಟ್ಟಿನ ಹಲ್ಲು ಎಷ್ಟು ಎಂಬುದನ್ನು ಕೊಳ್ಳುವವರಿಗೆ ವಿವರಿಸುವವರು ಕಡಿಮೆ. ಇದು ನನಗೆ ನಿಜವಾಗಿ ಬೇಸರದ ಸಂಗತಿ, ಏಕೆಂದರೆ ಇದೇ ಕಾರಣಕ್ಕೆ ಒಳ್ಳೆಯ ಸೈಕಲ್ಲನ್ನು ಮಾರಿಬಿಟ್ಟವರನ್ನು ನಾನು ಕಂಡಿದ್ದೇನೆ.

11ರಿಂದ 32 ಹಲ್ಲುಗಳ ಕ್ಯಾಸೆಟ್ ಹಾಕಿಸಿದರೆ 60 ಸುತ್ತಿಗೆ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿಯುತ್ತದೆ, 11ರಿಂದ 34ರದ್ದಾದರೆ 7.6ಕ್ಕೆ. ಆದರೆ ಕೊಳ್ಳುವ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಗರಿಷ್ಠ ಎಷ್ಟು ಹಲ್ಲುಗಳನ್ನು ತಾಳುತ್ತದೆ ಎಂಬುದನ್ನು ಅದರ ಮೇಲಿರುವ ಮಾದರಿ ಸಂಖ್ಯೆಯಿಂದ ಖಚಿತ ಮಾಡಿಕೊಳ್ಳಬೇಕು. ಕೇಜ್ ಎಂದರೆ ಡಿರೇಲರಿನಲ್ಲಿ ಚೈನನ್ನು ಬಿಗಿ ಹಿಡಿಯುವ ತೋಳು, ಸೋರಾದಲ್ಲಿಯೇ ಗಿಡ್ಡ ಕೇಜಿನದು ಬೇರೆ, ಉದ್ದ ಕೇಜಿನದು ಬೇರೆ.

ಟೈರಿನ ಪಕ್ಕದಲ್ಲಿ ಬರೆದಿರುವ 120 ಎಂಬುದು ಮೀರಬಾರದ ಮಿತಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ನಮ್ಮ ರಸ್ತೆಗಳಲ್ಲಿ 110ರ ಟೈರು ಪ್ರತಿ ಹರಳಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಹಾಕುತ್ತದೆ, ಹಾಗೆ ಎತ್ತುವುದಕ್ಕೆ ಖರ್ಚಾಗುವುದು ನಿಮ್ಮದೇ ಶಕ್ತಿ. ಹಿಂದೆ 85, ಮುಂದೆ 80 ಇಟ್ಟು ಒಂದು ವಾರ ಓಡಿಸಿ ನೋಡಿ. ವೃತ್ತಿಪರ ಸ್ಪರ್ಧಿಗಳೇ 23 ಮಿಲಿಮೀಟರಿನ ಗಟ್ಟಿ ಟೈರುಗಳನ್ನು ಬಿಟ್ಟು 25ಕ್ಕೆ, ಅಲ್ಲಿಂದ 28ಕ್ಕೆ ಸರಿದಿದ್ದಾರೆ. ನಿಮ್ಮ ಫ್ರೇಮಿನಲ್ಲೂ ಬ್ರೇಕಿನ ಸಂದಿನಲ್ಲೂ ಜಾಗವಿದ್ದರೆ ಮುಂದಿನ ಬಾರಿ 28 ಹಾಕಿಸಿ. ಇಳಿಜಾರಿನಲ್ಲಿ ಚಕ್ರ ಚಡಪಡಿಸುವುದರಲ್ಲಿ ಅರ್ಧ ಈ ಗಾಳಿಯದೇ ಕೈವಾಡ ಎಂದು ನನ್ನ ಊಹೆ.

ಉತ್ತರ 2: ಚಾಮುಂಡಿ ತಪ್ಪಲಿನವಳು, ಮೈಸೂರು

ಗೇರಿನ ವಿಷಯವನ್ನು ಮೇಲಿನವರು ಬಿಡಿಸಿ ಹೇಳಿದ್ದಾರೆ, ನಾನು ಕೈ ಜೋಮಿನ ಬಗ್ಗೆ ಬರೆಯುತ್ತೇನೆ. ನಾಲ್ಕು ವರ್ಷಗಳ ಹಿಂದೆ ಇದೇ ಎರಡು ಬೆರಳುಗಳ ಜೋಮನ್ನು ನಾನು ಐದು ತಿಂಗಳು ಸಹಿಸಿಕೊಂಡೆ, ಹಾಗೆ ಸಹಿಸಿಕೊಂಡದ್ದು ತಪ್ಪು. ಕಿರುಬೆರಳಿಗೂ ಉಂಗುರಬೆರಳಿಗೂ ಸ್ಪರ್ಶಜ್ಞಾನ ಒಯ್ಯುವ ಅಲ್ನರ್ ನರ ಅಂಗೈಯ ಹೊರ ಅಂಚಿನ ಬುಡದಲ್ಲಿ ಹಾದುಹೋಗುತ್ತದೆ. ಬ್ರೇಕ್ ಲಿವರಿನ ಮೇಲಿನ ರಬ್ಬರು ಹಿಡಿಕೆಗಳಾದ ಹುಡ್‌ಗಳ ಮೇಲೆ ದೇಹದ ಭಾರ ಕುಳಿತಾಗ ಆ ನರ ಒತ್ತಿಹೋಗುತ್ತದೆ. ದಪ್ಪ ಗ್ಲೌಸು, ದಪ್ಪ ಟೇಪು ಹಾಕಿಸಿದರೆ ಒತ್ತಡ ಸ್ವಲ್ಪ ಹಂಚಿಹೋಗುತ್ತದೆ, ಆದರೆ ಭಾರ ಕೈಯ ಮೇಲೆ ಏಕೆ ಬಂತು ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಮೂಲವನ್ನು ಹುಡುಕಲು ಸೀಟಿನಿಂದ ಆರಂಭಿಸಿ, ಹ್ಯಾಂಡಲ್‌ನಿಂದಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ಗಟ್ಟಿ ಪುಸ್ತಕವನ್ನು ಬಿಗಿಯಾಗಿ ಮೇಲಕ್ಕೆ ಒತ್ತಿಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ (ಪೆಡಲ್ ತೋಳು ತಿರುಗುವ ಅಚ್ಚಿನ) ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಅಂದಾಜು ಎತ್ತರ ಸಿಗುತ್ತದೆ. 80 ಸೆಂಟಿಮೀಟರ್ ಇದ್ದವರಿಗೆ ಅದು 70.6. ಇದು ಆರಂಭದ ಅಂದಾಜು ಮಾತ್ರ. ಪೆಡಲ್ ಕೆಳತುದಿಯಲ್ಲಿದ್ದಾಗ ಮಂಡಿ ಇನ್ನೂ 25ರಿಂದ 35 ಡಿಗ್ರಿ ಮಡಚಿರಬೇಕು, ಮತ್ತು ಹಿಂದಿನಿಂದ ನೋಡಿದವರಿಗೆ ನಿಮ್ಮ ಸೊಂಟ ಅತ್ತಿತ್ತ ಓಲಾಡಬಾರದು. ಸೀಟು ಎತ್ತರವಾದರೆ, ಅಥವಾ ಅದರ ಮೂತಿ ಕೆಳಗೆ ಬಾಗಿದ್ದರೆ, ದೇಹ ಅರಿವಿಲ್ಲದೆ ಮುಂದಕ್ಕೆ ಜಾರುತ್ತದೆ, ಜಾರಿದ ದೇಹವನ್ನು ತಡೆಯುವ ಕೆಲಸ ಅಂಗೈಗಳ ಪಾಲಿಗೆ ಬರುತ್ತದೆ. ನನ್ನ ಸೀಟಿನ ಮೂತಿ ಎರಡೇ ಡಿಗ್ರಿ ಬಾಗಿತ್ತು, ಅದನ್ನು ಸಮತಟ್ಟು ಮಾಡಿದ ವಾರದಲ್ಲಿಯೇ ಜೋಮು ಬರುವ ದೂರ 30ರಿಂದ 60 ಕಿಲೋಮೀಟರಿಗೆ ಹೋಯಿತು.

ಇಷ್ಟಾದರೂ ಹುಡ್‌ಗಳು ದೂರ ಎನಿಸಿದರೆ ಸೀಟನ್ನು ಮುಂದಕ್ಕೆ ಸರಿಸುವ ಆಸೆ ಬೇಡ, ಅದರಿಂದ ಭಾರ ಮತ್ತಷ್ಟು ಕೈಗೆ ಬರುತ್ತದೆ, ಮಂಡಿಯ ಕೋನವೂ ಕೆಡುತ್ತದೆ. ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ತುಂಡಾದ ಸ್ಟೆಮ್ ಬದಲಿಸಿ, 100 ಮಿಲಿಮೀಟರಿನದು ಇದ್ದರೆ 90 ಅಥವಾ 80ರದ್ದು ಹಾಕಿಸಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದರೊಂದಿಗೆ ಎರಡು ಮೂರು ಸವಾರಿ ಮಾಡಿದ ಮೇಲೆ ಮುಂದಿನದು. ಹಾಗಲ್ಲದೆ ಎಲ್ಲವನ್ನೂ ಒಂದೇ ದಿನ ತಿರುಗಿಸಿದರೆ ಯಾವುದು ಗುಣ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ಮನೆಗೆ ಬಂದ ಮೇಲೂ ಜೋಮು ಇಳಿಯದಿದ್ದರೆ, ಅಥವಾ ಅಂಗಿಯ ಗುಂಡಿ ಹಾಕಲು ಬೆರಳು ತೊಡರಿದರೆ, ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಿ.

ಇಳಿಜಾರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ರೋಡ್ ಬೈಕಿನ ಚಕ್ರಗಳ ನಡುವಿನ ಅಂತರ ಕಡಿಮೆ, ಮುಂದಿನ ಫೋರ್ಕು ಹೆಚ್ಚು ನೆಟ್ಟಗಿರುತ್ತದೆ, ಆದ್ದರಿಂದ ಅದು ಹ್ಯಾಂಡಲ್ಲಿನ ಚಿಕ್ಕ ಅಲುಗಾಟಕ್ಕೂ ಓಗೊಡುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ನಾನು ಮೊದಮೊದಲು ಹುಡ್‌ಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಡುಗುತ್ತಿದ್ದೆ. ಕೆಳಗಿನ ಬಾಗಿದ ಭಾಗವಾದ ಡ್ರಾಪ್ಸ್ ಹಿಡಿದರೆ ಭಾರ ತಗ್ಗಿ ನಿಲ್ಲುತ್ತದೆ, ಬ್ರೇಕ್ ಲಿವರಿನ ತುದಿಯಲ್ಲಿ ಬೆರಳು ಬೀಳುವುದರಿಂದ ಕಡಿಮೆ ಬಲಕ್ಕೆ ಹೆಚ್ಚು ಹಿಡಿತ ಸಿಗುತ್ತದೆ. ಲಿವರು ಕೈಗೆ ಎಟುಕದಿದ್ದರೆ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ತಿರುವಿಗೆ ಬರುವ ಮೊದಲೇ ಬ್ರೇಕ್ ಹಾಕಿ ಮುಗಿಸಿ, ಹೊರಗಿನ ಪೆಡಲನ್ನು ಕೆಳಕ್ಕೆ ತಂದು ಅದರ ಮೇಲೆ ಭಾರ ಹಾಕಿ, ಕಣ್ಣನ್ನು ತಿರುವಿನ ಕೊನೆಯಲ್ಲಿ ನೆಡಿ. ನಂದಿಯಲ್ಲಿ ಮಂಜು ಬಿದ್ದ ಬೆಳಗ್ಗೆ ರಿಮ್ ಒದ್ದೆಯಾಗಿರುತ್ತದೆ, ಆಗ ಬ್ರೇಕು ಕಚ್ಚುವುದಕ್ಕೆ ಮೊದಲು ಒಂದು ಕ್ಷಣ ತಡವಾಗುತ್ತದೆ ಎಂಬುದು ನೆನಪಿರಲಿ.

ಉತ್ತರ 3: ಜಮಖಂಡಿಯ ಹಳೆಯ ಸವಾರ

ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸೈಕಲ್ ಸ್ಪರ್ಧೆ ಎಂದರೆ ಊರಿಗೆ ಊರೇ ನೋಡಲು ನಿಲ್ಲುವ ಸಂಗತಿ. ಇಲ್ಲಿ ಬೆಟ್ಟಗಳು ಕಡಿಮೆ, ಗಾಳಿ ಮಾತ್ರ ವಿಪರೀತ. ಆದ್ದರಿಂದ ನಾನು ನಿಮ್ಮ ಸರಾಸರಿ ವೇಗದ ಬಗ್ಗೆಯೇ ಹೇಳುತ್ತೇನೆ.

ವೇಗದಲ್ಲಿ ಗಂಟೆಗೆ 1.5 ಕಿಲೋಮೀಟರ್ ಏರಿಕೆ ಚಿಕ್ಕದು ಎಂದು ನೀವು ಭಾವಿಸಿದ್ದೀರಿ, ಅದು ಚಿಕ್ಕದಲ್ಲ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. 22ರಿಂದ 23.5ಕ್ಕೆ ಹೋಗಲು ಗಾಳಿಯ ಭಾಗವೊಂದಕ್ಕೇ ಐದನೇ ಒಂದರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟನ್ನು ನೀವು ಹೆಚ್ಚು ದಣಿಯದೆ ಪಡೆದಿದ್ದರೆ ಹೊಸ ಸೈಕಲ್ ತನ್ನ ಕೆಲಸ ಮಾಡುತ್ತಿದೆ. ಇನ್ನೊಂದು ಸಂಗತಿಯೆಂದರೆ ಸರಾಸರಿ ವೇಗ ಮೋಸಗೊಳಿಸುತ್ತದೆ. ಆಷಾಢದ ಗಾಳಿಯಲ್ಲಿ ಎದುರುಗಾಳಿಗೆ 20 ಕಿಲೋಮೀಟರನ್ನು 18ರ ವೇಗದಲ್ಲಿ ಹೋಗಿ, ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು 30ರಲ್ಲಿ ಮರಳಿದರೆ ಸರಾಸರಿ 24 ಬರುವುದಿಲ್ಲ, 22.5 ಬರುತ್ತದೆ, ಏಕೆಂದರೆ ನಿಧಾನದ ದಾರಿಯಲ್ಲಿ ಕಳೆದ ಹೊತ್ತೇ ಹೆಚ್ಚು. ಸಿಗ್ನಲ್ಲುಗಳಲ್ಲಿ ನಿಂತದ್ದು ಬೇರೆ. ಹೊಸ ಸೈಕಲ್ಲನ್ನು ಅಳೆಯಬೇಕಾದರೆ ಒಂದೇ ದಾರಿ, ಒಂದೇ ಹೊತ್ತು, ಗಾಳಿ ಏಳದ ನಸುಕು, ಒಂದೇ ಬಗೆಯ ಶ್ರಮ ಬೇಕು. ಸಾಧ್ಯವಾದರೆ ಎದೆಬಡಿತವನ್ನೂ ಗುರುತು ಮಾಡಿಕೊಳ್ಳಿ.

ಆ ಬಾಗಿದ ಹ್ಯಾಂಡಲ್ ಇರುವುದೇ ಗಾಳಿಗೆ ತಗ್ಗಲಿಕ್ಕಾಗಿ, ಆದರೆ ತಗ್ಗುವ ಬೆನ್ನು ಒಂದು ತಿಂಗಳಲ್ಲಿ ತಯಾರಾಗುವುದಿಲ್ಲ. ನಾನು ಹುಡುಗರಿಗೆ ಹೇಳಿಕೊಡುವಾಗ ಮೊದಲ ವಾರ ಡ್ರಾಪ್ಸ್‌ನಲ್ಲಿ ಒಂದು ಬಾರಿಗೆ ಎರಡೇ ನಿಮಿಷ, ಮುಂದಿನ ವಾರ ನಾಲ್ಕು ನಿಮಿಷ ಎಂದು ಏರಿಸುತ್ತಾ ಹೋಗುತ್ತೇನೆ. ಮೊಣಕೈ ಮಡಚಿರಬೇಕು, ಭುಜ ಕಿವಿಯ ಕಡೆಗೆ ಏರಬಾರದು, ಸಮತಟ್ಟಿನಲ್ಲಿ ತುಳಿತ ನಿಮಿಷಕ್ಕೆ 80ರಿಂದ 90 ಸುತ್ತು ಇರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮ ಮೈ ಆ ಸೈಕಲ್ಲಿಗೆ ಒಗ್ಗಿರುತ್ತದೆ, ಅವಸರ ಮಾಡಬೇಡಿ.

ಯಲಹಂಕದ ಸವಾರ, ಐದು ವಾರಗಳ ನಂತರ

ಮೂವರಿಗೂ ನಾನು ಋಣಿ. ಹೇಳಿದಂತೆಯೇ ಒಂದೊಂದಾಗಿ ಮಾಡಿದೆ. ಮೊದಲು ಗಾಳಿಯನ್ನು 85 ಮತ್ತು 80ಕ್ಕೆ ಇಳಿಸಿದೆ, ಇಳಿಜಾರಿನ ಚಡಪಡಿಕೆ ಅಂದೇ ಬಹಳ ಮಟ್ಟಿಗೆ ಕಡಿಮೆಯಾಯಿತು. ನನ್ನ ಕಾಲಿನ ಅಳತೆ ಸರಿಯಾಗಿ 80 ಸೆಂಟಿಮೀಟರ್, ಅಂಗಡಿಯಲ್ಲಿ ಇಟ್ಟುಕೊಟ್ಟಿದ್ದ ಸೀಟಿನ ಎತ್ತರ 72.5. ಅದನ್ನು 71ಕ್ಕೆ ಇಳಿಸಿ ಮೂತಿಯನ್ನು ಸಮ ಮಾಡಿದ ಮೇಲೆ ಎಡಗೈ ಜೋಮು ನಿಂತಿದೆ, ಬಲಗೈಯದು 70 ಕಿಲೋಮೀಟರ್ ದಾಟಿದರೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಸ್ಟೆಮ್ ಇನ್ನೂ ಬದಲಿಸಿಲ್ಲ. ಡಿರೇಲರ್ ಉದ್ದ ಕೇಜಿನದು ಎಂದು ಖಚಿತ ಮಾಡಿಕೊಂಡು 11ರಿಂದ 32ರ ಕ್ಯಾಸೆಟ್ ಹಾಕಿಸಿದೆ. ಕಳೆದ ಭಾನುವಾರ ನಂದಿ ಬೆಟ್ಟವನ್ನು ಎಲ್ಲಿಯೂ ಕಾಲೂರದೆ 55 ನಿಮಿಷದಲ್ಲಿ ಏರಿದೆ. ಕೊನೆಯ ತಿರುವು ದಾಟಿದಾಗ ಕಣ್ಣು ತುಂಬಿಬಂದವು.

ಒಂದು ಸಂದೇಹ ಮಾತ್ರ ಉಳಿದಿದೆ. ಮುಂದೆ 50 ಮತ್ತು ಹಿಂದೆ 32 ಹಲ್ಲಿಗೆ ಹಾಕಿದಾಗ ಡಿರೇಲರ್ ಮುಂದಕ್ಕೆ ಪೂರ್ತಿ ಸೆಳೆದುಕೊಂಡು ಬಿಗಿಯಾಗುತ್ತದೆ, ಹಿಂದಿನಿಂದ ಕರಕರ ಸದ್ದು ಬರುತ್ತದೆ. ಇದು ಸಹಜವೇ?

ಉತ್ತರ: ಸೈಕಲ್ ರಿಪೇರಿ ಮಾಡುವವನು, ಶಿವಮೊಗ್ಗ

ಸಹಜವಲ್ಲ, ದಯವಿಟ್ಟು ಇಂದಿನಿಂದಲೇ ಆ ಎರಡನ್ನು ಒಟ್ಟಿಗೆ ಹಾಕಬೇಡಿ. ಕ್ಯಾಸೆಟ್ ದೊಡ್ಡದಾಯಿತು, ಚೈನು ಹಳೆಯ ಅಳತೆಯದೇ ಉಳಿದಿದೆ. ಏರಿನಲ್ಲಿ ಜೋರಾಗಿ ತುಳಿಯುವಾಗ ಹೀಗಾದರೆ ಡಿರೇಲರ್ ಕಿತ್ತುಬಂದು ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. ಚೈನನ್ನು ಡಿರೇಲರಿನೊಳಗೆ ಹಾಯಿಸದೆ ನೇರವಾಗಿ 50 ಮತ್ತು 32ರ ಮೇಲೆ ಸುತ್ತಿ, ತುದಿಗಳು ಕೂಡುವ ಜಾಗಕ್ಕಿಂತ ಒಂದು ಜೋಡಿ ಕೊಂಡಿಯಷ್ಟು ಹೆಚ್ಚಿಟ್ಟು ಕತ್ತರಿಸಬೇಕು. ಹೊಸ ಒಂಬತ್ತು ಗೇರಿನ ಚೈನನ್ನೇ ಹಾಕಿಸಿ, ಹಳೆಯದಕ್ಕೆ ಕೊಂಡಿ ಸೇರಿಸುವುದಕ್ಕಿಂತ ಅದೇ ನೆಮ್ಮದಿ. ಕರಕರ ಸದ್ದು ಡಿರೇಲರಿನ ಮೇಲಿನ ಗಾಲಿ 32ರ ಹಲ್ಲಿಗೆ ತಾಗುವುದರಿಂದಲೂ ಬರಬಹುದು, ಹಿಂಬದಿಯ ಬಿ-ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಿದರೆ ಗಾಲಿ ದೂರ ಸರಿಯುತ್ತದೆ. ಅಲ್ಲಿಯವರೆಗೆ 32 ಹಾಕಬೇಕೆನಿಸಿದಾಗ ಮೊದಲು ಮುಂದಿನದನ್ನು 34ಕ್ಕೆ ಇಳಿಸಿಕೊಳ್ಳಿ.