ಪ್ರಶ್ನೋತ್ತರ: ಕೂಡಿ ಬಾಳುವ ದೇಶಗಳಲ್ಲಿ ಡಿಪ್ರೆಶನ್ ಕಮ್ಮಿನಾ?

ಪ್ರಶ್ನೆ: ಮೇಡಂ, ನಮಸ್ಕಾರ. ಒಬ್ಬೊಬ್ಬರೇ ಬದುಕುವ ದೇಶಗಳಲ್ಲಿ ಡಿಪ್ರೆಶನ್ ಜಾಸ್ತಿ, ಕೂಡಿ ಬಾಳುವ ಕಡೆ ಕಮ್ಮಿ ಅಂತ ಒಬ್ಬರು ದೇಶಗಳ ಪಟ್ಟಿ ಹಿಡಿದು ವಾದ ಮಾಡಿದರು. ನಿಜಾನಾ?

ಉತ್ತರ: ಪಟ್ಟಿ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಡಿಪ್ರೆಶನ್‌ಗೆ ರಕ್ತ ಪರೀಕ್ಷೆ ಇಲ್ಲ, ಜನ ಬಾಯಿಬಿಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮನಸ್ಸಿನ ನೋವು ಹೇಳಿಕೊಂಡರೆ ಮನೆ ಮರ್ಯಾದೆ ಹೋಗುತ್ತದೆ ಅನ್ನುವ ಕಡೆ ಯಾರು ಹೇಳುತ್ತಾರೆ?

1980ರಲ್ಲಿ ಆರ್ಥರ್ ಕ್ಲೈನ್‌ಮನ್ ಅನ್ನುವ ಅಮೆರಿಕದ ಮನೋವೈದ್ಯರು ಚೀನಾದ ಹುನಾನ್‌ಗೆ ಹೋದರು. ಅಲ್ಲಿನ ಡಾಕ್ಟರುಗಳು ನರದೌರ್ಬಲ್ಯ ಅಂತ ಹೆಸರಿಟ್ಟಿದ್ದ 100 ಜನರನ್ನು ಕೂರಿಸಿ ಮಾತಾಡಿಸಿದರು. ಬಂದವರು ಹೇಳಿದ್ದು ತಲೆನೋವು, ನಿದ್ದೆ ಇಲ್ಲ, ತಲೆಸುತ್ತು. ಬಿಡಿಸಿ ಬಿಡಿಸಿ ಕೇಳಿದಾಗ 87 ಜನರಿಗೆ ಡಿಪ್ರೆಶನ್ ಇತ್ತು. ಅವರು ಸುಳ್ಳು ಹೇಳಿರಲಿಲ್ಲ, ತಲೆ ನಿಜವಾಗಿಯೂ ನೋಯುತ್ತಿತ್ತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ನೊಂದು ಬಂದ ಎಷ್ಟೋ ಜನರಿಗೆ ಬೇರೇನೂ ಹೇಳುವ ಹಾಗಿರಲಿಲ್ಲ, ತಲೆನೋವು ಅಂದರೆ ಯಾರೂ ಬೆರಳು ತೋರಿಸುವುದಿಲ್ಲ ಅಲ್ವಾ?

ಇನ್ನೊಂದು ವಿಷಯ. ಇಂಥ ಪಟ್ಟಿಗಳಲ್ಲಿ 'ಯಾವ ದೇಶದ ಜನ ಎಷ್ಟು ತಮ್ಮ ಪಾಡಿಗೆ ಬದುಕುತ್ತಾರೆ' ಅನ್ನುವ ಅಂಕಿ ಸಾಮಾನ್ಯವಾಗಿ ಹಾಫ್‌ಸ್ಟೆಡ್ ಅನ್ನುವ ಡಚ್ ಸಂಶೋಧಕರದು. ಅದು ಶುರುವಾಗಿದ್ದು ಐಬಿಎಂ ನೌಕರರ ಸಮೀಕ್ಷೆಯಿಂದ. ಒಂದು ಕಂಪನಿಯ ಜನರನ್ನು ಕೇಳಿ ಇಡೀ ದೇಶ ಹೀಗೆ ಅಂದರೆ ನನಗಂತೂ ಸ್ವಲ್ಪ ನಗು ಬರುತ್ತದೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದ್ರೆ ಸಂಸ್ಕೃತಿಗೂ ಮನಸ್ಸಿನ ತೊಂದರೆಗೂ ಸಂಬಂಧವೇ ಇಲ್ವಾ?

ಉತ್ತರ: ಇದೆ, ಸುಮ್ನೆ ಅಂಕಿ ನಂಬಬೇಡಿ ಅಂದೆ ಅಷ್ಟೆ. ನಾಲ್ಕು ಜನರ ಮುಂದೆ ಹೋಗಲು ಭಯ ಪಡುವವರು ಎಲ್ಲ ಕಡೆ ಇದ್ದಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಕೇಳುವುದು 'ನನ್ನನ್ನು ನೋಡಿ ನಗುತ್ತಾರೆ' ಅನ್ನುವ ಭಯ. ಜಪಾನಿನಲ್ಲಿ 'ತೈಜಿನ್ ಕ್ಯೋಫುಷೋ' ಅಂತ ಒಂದಿದೆ, ಅದರಲ್ಲಿ ನನ್ನ ನೋಟದಿಂದ, ನನ್ನ ಮೈವಾಸನೆಯಿಂದ ಎದುರಿನವರಿಗೆ ಕಷ್ಟವಾಗುತ್ತಿದೆ ಅನ್ನುವ ಭಯ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅಂತ ಚಿಕ್ಕಂದಿನಿಂದ ಕಲಿತ ಮನಸ್ಸು ಹೆದರುವುದೂ ಅಲ್ಲೇ.

ಚಿಕಿತ್ಸೆಯೂ ಅಷ್ಟೆ, ಊರಿನ ಮಾತಿನಲ್ಲಿದ್ದರೆ ಜನ ಬರುತ್ತಾರೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಅಂದರೆ ಅತಿಯಾಗಿ ಯೋಚಿಸುವುದು, ಡಿಪ್ರೆಶನ್‌ನಂಥ ತೊಂದರೆಗೆ ಅಲ್ಲಿನ ಜನ ಹೇಳುವ ಮಾತು ಅದು. ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಹರಾರೆಯಲ್ಲಿ ಕ್ಲಿನಿಕ್ ಹೊರಗೆ ಮರದ ಬೆಂಚು ಹಾಕಿಸಿ, ತರಬೇತಿ ಕೊಟ್ಟ ಅಜ್ಜಿಯರನ್ನು ಕೂರಿಸಿದರು. ಬಂದವರು ಅಜ್ಜಿಯ ಪಕ್ಕ ಕೂತು ಮಾತಾಡಬೇಕು, ಇಬ್ಬರೂ ಸೇರಿ ಒಂದು ಸಮಸ್ಯೆ ಆರಿಸಿಕೊಂಡು ಅದಕ್ಕೆ ದಾರಿ ಹುಡುಕಬೇಕು. 2016ರಲ್ಲಿ ಅದರ ಪ್ರಯೋಗದ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯವರಿಗಿಂತ ಬೆಂಚಿನಲ್ಲಿ ಕೂತವರಿಗೆ ಜಾಸ್ತಿ ಗುಣವಾಗಿತ್ತು.

ಪ್ರಶ್ನೆ (ಮೂರನೆಯವರು): ನಾನು ಬೇರೆ ದೇಶದಲ್ಲಿದ್ದೇನೆ ಮೇಡಂ. ಇಲ್ಲಿನ ಕೌನ್ಸೆಲರ್ ಪ್ರತಿ ಸಲ 'ಅಪ್ಪ ಅಮ್ಮನಿಗೆ ಆಗಲ್ಲ ಅನ್ನಿ' ಅಂತಾರೆ. ನನಗೆ ಬಾಯೇ ಬರುವುದಿಲ್ಲ. ತಪ್ಪು ನಂದಾ?

ಉತ್ತರ: ಇಲ್ಲಪ್ಪ. ಆದರೆ ಕೌನ್ಸೆಲರ್ ಬಿಡುವ ಮುಂಚೆ ಒಂದು ಸಲ ಇದನ್ನೇ ಅವರ ಮುಂದೆ ಹೇಳಿ: "ನೀವು ಹೇಳುವುದು ಗೊತ್ತಾಗುತ್ತದೆ, ನಮ್ಮ ಮನೆಯಲ್ಲಿ ಅದು ಜಗಳ ಆಗುತ್ತದೆ, ಬೇರೆ ದಾರಿ ಹೇಳಿ." ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 (2013) ಬಂದವರ ಮನೆ, ಸಂಸ್ಕೃತಿ ಅರ್ಥ ಮಾಡಿಕೊಳ್ಳಲೆಂದೇ 16 ಪ್ರಶ್ನೆಗಳ ಒಂದು ಸಂದರ್ಶನ ಕೊಟ್ಟಿದೆ. ಅದರಲ್ಲಿ ಒಂದು ಪ್ರಶ್ನೆ, ನಿಮ್ಮ ತೊಂದರೆಯನ್ನು ಮನೆಯವರಿಗೆ ಹೇಗೆ ವಿವರಿಸುತ್ತೀರಿ ಅಂತ. ಆ ಸಂದರ್ಶನ ಮಾಡ್ತೀರಾ ಅಂತ ನೀವೇ ಕೇಳಿ ನೋಡಿ. ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಪೆನ್ನು ತೆಗೆಯುತ್ತಾರೆ. ಮುಖ ಗಂಟು ಹಾಕಿದರೆ ಇನ್ನೊಬ್ಬರನ್ನು ಹುಡುಕಿ.