ಸಿಓ, ಪಿಓ, ಅಟೈನ್‌ಮೆಂಟ್: ನಿಮಗೆ ಹೇಗೆ ಅರ್ಥವಾಯಿತು?

ಕೆಂಗೇರಿ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ್ದೇನೆ. ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುತ್ತದೆ, ಕೋರ್ಸ್ ಫೈಲ್ ರೆಡಿ ಮಾಡಿ ಅಂದಿದ್ದಾರೆ. ಸಿಓ, ಪಿಓ, ರೂಬ್ರಿಕ್, ಅಟೈನ್‌ಮೆಂಟ್ ಎಲ್ಲ ತಲೆಯಲ್ಲಿ ಕಲಸಿಹೋಗಿವೆ. ಅನುಭವ ಇರುವವರು ದಯವಿಟ್ಟು ಹೇಳಿ.

ಯಲಹಂಕದಿಂದ, ಕಂಪ್ಯೂಟರ್ ಸೈನ್ಸ್ ಮೇಷ್ಟ್ರು:
ಮೇಡಂ, ಅಟೈನ್‌ಮೆಂಟ್ ಲೆಕ್ಕದ ಎಕ್ಸೆಲ್ ಶೀಟ್ ಸದ್ಯಕ್ಕೆ ಮುಚ್ಚಿಡಿ. ನಿಮ್ಮದೇ ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ತೆಗೆಯಿರಿ. ಪ್ರಶ್ನೆ ಪಕ್ಕದಲ್ಲಿ ‘ಸಿಓ3, ಎಲ್3’ ಅಂತ ಇರುತ್ತದೆ ಅಲ್ವಾ? ಸಿಓ (ಕೋರ್ಸ್ ಔಟ್‌ಕಮ್) ಅಂದರೆ ಈ ಒಂದು ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಅನ್ನುವುದು. ಪಿಓ (ಪ್ರೋಗ್ರಾಂ ಔಟ್‌ಕಮ್) ಇಡೀ ಡಿಗ್ರಿ ಮುಗಿದಾಗ ಬರಬೇಕಾದ್ದು. ಎಲ್3 ಅಂದರೆ ಕಲಿಕೆಯ ಮಟ್ಟಗಳನ್ನು ಹೇಳುವ ಬ್ಲೂಮ್ ಪಟ್ಟಿಯ ಮೂರನೇ ಮೆಟ್ಟಿಲು: ಕಲಿತದ್ದನ್ನು ಬಳಸುವುದು.

ನನಗೆ ಇದು ತಲೆಗೆ ಹತ್ತಿದ್ದು ಡೇಟಾಬೇಸ್ ಪಾಠ ಮಾಡುವಾಗ. ನಾರ್ಮಲೈಸೇಶನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬರದಂತೆ ದೊಡ್ಡ ಟೇಬಲ್ ಅನ್ನು ಸಣ್ಣ ಟೇಬಲ್‌ಗಳಾಗಿ ಒಡೆಯುವುದು) ಎಂದರೇನು ಅಂತ ಕೇಳಿದರೆ ತರಗತಿಯೆಲ್ಲ ಚೆನ್ನಾಗಿ ಬರೆದಿತ್ತು. ಹಾಸ್ಟೆಲ್ ಮೆಸ್ ಲೆಕ್ಕದ ಟೇಬಲ್ ಕೊಟ್ಟು, ಇದನ್ನು ಒಡೆಯಿರಿ ಅಂದೆ. ತುಂಬಾ ಜನ ಅದೇ ಟೇಬಲ್ ಮತ್ತೆ ಬರೆದು, ಮೇಲೆ ‘ಥರ್ಡ್ ನಾರ್ಮಲ್ ಫಾರ್ಮ್’ ಅಂತ ಹಾಕಿ ಎರಡು ಗೆರೆ ಎಳೆದಿದ್ದರು. ಒಟ್ಟು ಅಂಕದಲ್ಲಿ ಎಲ್ಲರೂ ಪಾಸ್! ಸಿಓ ಪ್ರಕಾರ ಅಂಕ ಬೇರೆ ಮಾಡಿದಾಗಲೇ ಟೇಬಲ್ ಒಡೆಯುವ ಸಿಓ3 ಸೋತಿದ್ದು ಕಂಡಿತು. ಅಟೈನ್‌ಮೆಂಟ್ ಅಂದರೆ ಇದೇ, ನಾವು ಇಟ್ಟ ಗುರಿಯನ್ನು ಎಷ್ಟು ಮಕ್ಕಳು ಮುಟ್ಟಿದರು ಅನ್ನುವ ಲೆಕ್ಕ. ಮುಂದಿನ ಬ್ಯಾಚ್‌ಗೆ ಎರಡು ಕ್ಲಾಸ್ ಜಾಸ್ತಿ ಇಟ್ಟು ಬರೀ ಟೇಬಲ್ ಒಡೆಸಿದೆ. ‘ಕ್ಲೋಸಿಂಗ್ ದಿ ಲೂಪ್’ ಅನ್ನುವುದು ಇದಕ್ಕೇ. ಇದನ್ನು ಮಾಡದೆ ಸುಮ್ನೆ ಶೀಟ್ ತುಂಬಿದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಜಯನಗರದಿಂದ, ಕಾಮರ್ಸ್:
ಡೈರೆಕ್ಟ್, ಇನ್‌ಡೈರೆಕ್ಟ್ ಕೂಡ ಗೊತ್ತಿರಲಿ. ಪರೀಕ್ಷೆ, ಪ್ರಾಜೆಕ್ಟ್, ಲ್ಯಾಬ್‌ನಲ್ಲಿ ಮಕ್ಕಳು ಮಾಡಿ ತೋರಿಸಿದ್ದು ಡೈರೆಕ್ಟ್. ಕೋರ್ಸ್ ಕೊನೆಯ ಸರ್ವೆಯಲ್ಲಿ ‘ನನಗೆ ಬರುತ್ತದೆ’ ಅಂತ ಅವರು ಹೇಳಿದ್ದು ಇನ್‌ಡೈರೆಕ್ಟ್. ಎರಡೂ ಬೇಕು. ಆದರೆ ನಾನು ಮೊದಲನೆಯದನ್ನೇ ಜಾಸ್ತಿ ನಂಬುತ್ತೇನೆ.

ರಾಜಾಜಿನಗರದಿಂದ, ಮೆಕ್ಯಾನಿಕಲ್:
ಒಂದೇ ಪ್ರಾಜೆಕ್ಟ್‌ಗೆ ನಾನು 20ಕ್ಕೆ 18 ಕೊಟ್ಟೆ, ಜೊತೆಯವರು 11 ಕೊಟ್ಟರು. ಆ ಹುಡುಗನ ಮುಖ ಇನ್ನೂ ನೆನಪಿದೆ. ಯಾವ ಮಟ್ಟದ ಕೆಲಸಕ್ಕೆ ಎಷ್ಟು ಅಂಕ ಅಂತ ಇಬ್ಬರೂ ಕೂತು ಮೊದಲೇ ಬರೆದುಕೊಂಡೆವು. ಅದೇ ರೂಬ್ರಿಕ್. ಅದನ್ನು ಸೆಮಿಸ್ಟರ್ ಶುರುವಿನಲ್ಲೇ ಮಕ್ಕಳ ಕೈಗೆ ಕೊಡಿ.

ಇನ್ನೊಂದು ಮಾತು. ಸೀನಿಯರ್‌ಗಳ ಹಳೆ ಫೈಲ್ ನೋಡಿ ಬರೆಯುವಾಗ ಹುಷಾರು. ಎನ್‌ಬಿಎ ಹಳೆ ಪಟ್ಟಿಯಲ್ಲಿ 12 ಪಿಓ ಇದ್ದವು, ಹೊಸದರಲ್ಲಿ 11. ನಿಮ್ಮ ಬ್ಯಾಚ್‌ಗೆ ಯಾವುದು ಅಂತ ಎಚ್‌ಓಡಿ ಹತ್ತಿರ ಕೇಳಿಕೊಂಡೇ ಮ್ಯಾಪಿಂಗ್ (ಯಾವ ಸಿಓ ಯಾವ ಪಿಓಗೆ ಸೇರುತ್ತದೆ ಅಂತ ಜೋಡಿಸುವುದು) ಶುರು ಮಾಡಿ.