ಸ್ವಂತ ಪುಟಗಳಲ್ಲಿ ಹೊಸ ಸಿಎಸ್‌ಎಸ್ ತಂತ್ರಗಳ ಪ್ರಯೋಗ: ಎಲ್ಲಿಯವರೆಗೆ ಒಯ್ಯಬೇಕು, ಕ್ಲೈಂಟ್ ಕೆಲಸಕ್ಕೆ ಯಾವಾಗ ತರಬೇಕು?

ಅಮಾನಿಕೆರೆ ದಂಡೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಆರು ವರ್ಷಗಳಿಂದ ವೆಬ್ ವಿನ್ಯಾಸದ ಕೆಲಸ ಮಾಡಿಕೊಂಡಿದ್ದೇನೆ. ಕಲ್ಯಾಣ ಮಂಟಪ, ಟ್ಯುಟೋರಿಯಲ್, ಹಲ್ಲಿನ ಕ್ಲಿನಿಕ್, ತಿಪಟೂರಿನ ಕೊಬ್ಬರಿ ಮಂಡಿ, ಹೀಗೆ ನನ್ನ ಕ್ಲೈಂಟ್‌ಗಳೆಲ್ಲ ಸುತ್ತಮುತ್ತಲಿನವರೇ. ಅವರಿಗೆ ಬೇಕಾಗಿರುವುದು ಫೋನ್ ನಂಬರ್, ವಿಳಾಸ, ನಾಲ್ಕು ಫೋಟೊ ಮತ್ತು ಒಂದು ವಾಟ್ಸಾಪ್ ಬಟನ್. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದೇ ವಿನ್ಯಾಸವನ್ನು ಬಣ್ಣ ಬದಲಿಸಿ ಮತ್ತೆ ಮತ್ತೆ ಕೊಡುತ್ತಾ ಹೋದರೆ ಕೈ ಜಡ್ಡುಗಟ್ಟುತ್ತದೆ ಎಂಬ ಅಳುಕಿನಿಂದ ಕಳೆದ ವರ್ಷ ರಾತ್ರಿ ಹೊತ್ತು ಸಿಎಸ್‌ಎಸ್‌ನಲ್ಲಿ, ಅಂದರೆ ವೆಬ್ ಪುಟದ ರೂಪವನ್ನು ನಿರ್ಧರಿಸುವ ಭಾಷೆಯಲ್ಲಿ, ಸ್ವಂತ ಪ್ರಯೋಗಗಳನ್ನು ಶುರು ಮಾಡಿದೆ.

ಈಗ ನನ್ನ ಫೋಲ್ಡರಿನಲ್ಲಿ ಇಂಥ ಹದಿನಾಲ್ಕು ಪ್ರಯೋಗಗಳಿವೆ. ಒಂದರಲ್ಲಿ ಸಬ್‌ಗ್ರಿಡ್ (ಹೊರಗಿನ ಚೌಕಟ್ಟಿನ ಸಾಲು, ಅಂಕಣಗಳಿಗೆ ಒಳಗಿನವುಗಳನ್ನೂ ಹೊಂದಿಸುವ ತಂತ್ರ) ಇದೆ, ಒಂದರಲ್ಲಿ ಕಂಟೇನರ್ ಕ್ವೆರಿ (ಇರುವ ಜಾಗದ ಅಗಲಕ್ಕೆ ತಕ್ಕಂತೆ ರೂಪ ಬದಲಿಸುವ ತಂತ್ರ) ಇದೆ, ಪುಟವನ್ನು ಮೇಲೆ ಕೆಳಗೆ ಸರಿಸಿದಂತೆ ಚಲಿಸುವ ಚಿತ್ರಗಳು ಮೂರರಲ್ಲಿವೆ. ಯಾವುದೂ ಮುಗಿದಿಲ್ಲ. ಹೊಸದೊಂದು ಸೌಲಭ್ಯ ಬ್ರೌಸರಿಗೆ ಬಂದ ಸುದ್ದಿ ಓದಿದ ರಾತ್ರಿ ಉತ್ಸಾಹ ಉಕ್ಕುತ್ತದೆ, ಮೂರನೆಯ ರಾತ್ರಿಗೆ ಆರಿಹೋಗುತ್ತದೆ.

ಹದಿನೈದನೆಯದನ್ನು ಮಾತ್ರ ಹಾಗೆ ಬಿಡಲು ಮನಸ್ಸಿಲ್ಲ. ಅದು ನಮ್ಮಜ್ಜಿ ಹೇಳುತ್ತಿದ್ದ ಒಗಟುಗಳ ಪುಟ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂಬ ಸಾಲನ್ನು ಮುಟ್ಟಿದರೆ ಕೆಳಗೆ "ಮಲ್ಲಿಗೆ ಹೂವು" ಎಂದು ತೆರೆದುಕೊಳ್ಳಬೇಕು. ಪ್ರತಿ ಒಗಟಿನ ಮೊದಲ ಅಕ್ಷರ ಹಳೆಯ ಪುಸ್ತಕಗಳಲ್ಲಿರುವಂತೆ ದೊಡ್ಡದಾಗಿರಲಿ ಎಂದು ಫಸ್ಟ್ ಲೆಟರ್ ಸೆಲೆಕ್ಟರ್ ಬಳಸಿದೆ. "ಹಸಿರು" ಚೆನ್ನಾಗಿಯೇ ಬಂತು. ಆದರೆ "ಪ್ರಾಣಿ" ಎಂದು ಆರಂಭವಾಗುವ ಒಗಟಿನಲ್ಲಿ ನನ್ನ ಫೋನಿನ ಬ್ರೌಸರು "ಪ್" ಅನ್ನು ಮಾತ್ರ ದೊಡ್ಡದು ಮಾಡಿ, ಪಕ್ಕದಲ್ಲಿ "ರಾಣಿ" ಎಂದು ಸಣ್ಣದಾಗಿ ತೋರಿಸಿತು. ಅಲ್ಲಿಗೆ ಕೆಲಸ ನಿಂತಿದೆ.

ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು: ಸ್ವಂತ ಪ್ರಯೋಗಕ್ಕೆ ತಂತ್ರವನ್ನು ಹೇಗೆ ಆರಿಸಿಕೊಳ್ಳುತ್ತೀರಿ, ಅದನ್ನು ಎಲ್ಲಿಯವರೆಗೆ ಒಯ್ಯುತ್ತೀರಿ, ಕ್ಲೈಂಟ್‌ಗಳ ಪುಟಕ್ಕೆ ಅದನ್ನು ತರಲು ಯಾವಾಗ ಧೈರ್ಯ ಮಾಡುತ್ತೀರಿ?

ಅಂತರಗಂಗೆ (ಕೋಲಾರ)

ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ಪುಟದ ಅಂಶಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಬಳಸುವ ಎಲ್ಲರಿಗೂ ಒಂದು ಕಾಲದಲ್ಲಿ ಇದ್ದ ತಲೆನೋವೆಂದರೆ ಸಾಲಿನಲ್ಲಿರುವ ಬಟನ್‌ಗಳ ನಡುವೆ ಅಂತರ ಕೊಡುವುದು. ಪ್ರತಿಯೊಂದಕ್ಕೂ ಮಾರ್ಜಿನ್ (ಅಂಚಿನ ಹೊರಗಿನ ಖಾಲಿ ಜಾಗ) ಕೊಟ್ಟು, ಕೊನೆಯದಕ್ಕೆ ಅದನ್ನು ತೆಗೆದು, ಸಾಲು ಮುರಿದು ಕೆಳಕ್ಕೆ ಬಂದಾಗ ಮತ್ತೆ ಸರಿಪಡಿಸಬೇಕಿತ್ತು. ಸಾಲು, ಅಂಕಣಗಳಲ್ಲಿ ಜೋಡಿಸುವ ಗ್ರಿಡ್‌ನಲ್ಲಿದ್ದ, ನಡುವಿನ ಅಂತರವನ್ನು ಒಮ್ಮೆಗೇ ಕೊಡುವ ಗ್ಯಾಪ್ ಎಂಬ ಅನುಕೂಲ ಫ್ಲೆಕ್ಸ್‌ಬಾಕ್ಸ್‌ಗೂ 2018ರಲ್ಲಿ ಫೈರ್‌ಫಾಕ್ಸ್‌ನಲ್ಲಿ, 2020ರ ಜುಲೈನಲ್ಲಿ ಕ್ರೋಮ್ 84ರಲ್ಲಿ ಬಂತು. ಆ ಸಂತೋಷದಲ್ಲಿ, ಸ್ವಂತ ಪುಟದಲ್ಲಿ ಒಂದು ಸಂಜೆ ಮಾತ್ರ ಆಡಿಸಿ ನೋಡಿ, ಇಲ್ಲಿನ ಒಂದು ಬೀಜ–ಗೊಬ್ಬರದ ಅಂಗಡಿಯ ಪುಟಕ್ಕೆ ಅದನ್ನು ಹಾಕಿಬಿಟ್ಟೆ. ಮಾರನೆಯ ದಿನ ಮಾಲೀಕರು ತಮ್ಮ ಐಫೋನ್ ಹಿಡಿದು ಬಂದರು. ಟೊಮ್ಯಾಟೊ, ಬದನೆ, ಹೂಕೋಸು, ಮೆಣಸಿನಕಾಯಿ ಎಂಬ ನಾಲ್ಕೂ ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಪಟ್ಟಿಯಂತೆ ಕಾಣುತ್ತಿದ್ದವು; ಅವರ ಹೆಬ್ಬೆರಳು ಟೊಮ್ಯಾಟೊ ಮೇಲೆ ಇಟ್ಟರೆ ಬದನೆ ಬೀಜದ ಪುಟ ತೆರೆದುಕೊಳ್ಳುತ್ತಿತ್ತು.

ಐಫೋನಿನ ಬ್ರೌಸರಾದ ಸಫಾರಿಗೆ ಆ ಅನುಕೂಲ ಬಂದದ್ದು 2021ರ ಏಪ್ರಿಲ್‌ನಲ್ಲಿ, 14.1ನೆಯ ಆವೃತ್ತಿಯಲ್ಲಿ. ಐಫೋನಿನಲ್ಲಿ ಆಗ ಕ್ರೋಮ್ ಹಾಕಿಕೊಂಡರೂ ಒಳಗಿನ ಎಂಜಿನ್ ಸಫಾರಿಯದ್ದೇ ಆಗಿರುತ್ತಿತ್ತು. ಅವರ ಕೈಯಲ್ಲಿದ್ದದ್ದು ಐಫೋನ್ 6; ಅದು ಐಒಎಸ್ 12ರಿಂದ ಮುಂದಕ್ಕೆ ಹೋಗುವುದೇ ಇಲ್ಲ, ಆದ್ದರಿಂದ ಆ ಫೋನಿಗೆ ಈ ಅಂತರ ಎಂದೆಂದಿಗೂ ಬರುವುದಿಲ್ಲ.

ಇಷ್ಟೇ ಆಗಿದ್ದರೆ, ಒಂದು ಸೌಲಭ್ಯ ಗೊತ್ತೇ ಎಂದು ಬ್ರೌಸರನ್ನು ಕೇಳುವ ಸಪೋರ್ಟ್ಸ್ ನಿಯಮದಿಂದ ಪಾರಾಗುತ್ತಿದ್ದೆ. "ಗ್ಯಾಪ್ ಗೊತ್ತಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಮಾರ್ಜಿನ್ ಇಡು" ಎಂದು ಬರೆದೆ. ಆದರೂ ಬಟನ್‌ಗಳು ಬಿಡಿಸಿಕೊಳ್ಳಲಿಲ್ಲ. ಕಾರಣ, ಆ ಹಳೆಯ ಸಫಾರಿಗೆ ಗ್ರಿಡ್‌ನೊಳಗಿನ ಗ್ಯಾಪ್ ಗೊತ್ತಿತ್ತು. ನೀವು ಕೇಳುತ್ತಿರುವುದು ಫ್ಲೆಕ್ಸ್‌ಬಾಕ್ಸ್‌ನ ವಿಷಯ ಎಂದು ತಿಳಿಯುವ ದಾರಿ ಆ ನಿಯಮಕ್ಕಿಲ್ಲವಾದ್ದರಿಂದ ಅದು "ಗೊತ್ತು" ಎಂದೇ ಉತ್ತರ ಕೊಡುತ್ತಿತ್ತು. ಈ ಪಾಠವನ್ನು ನಾನು ನನ್ನ ಸ್ವಂತ ಪುಟದಲ್ಲಿ ಕಲಿಯಬೇಕಾಗಿತ್ತು, ಹಂಗಾಮಿನ ನಡುವೆ ಅಂಗಡಿಯವರ ಪುಟದಲ್ಲಿ ಅಲ್ಲ. ಅಂದಿನಿಂದ ಹೊಸ ತಂತ್ರವೊಂದು ಕೆಲಸ ಮಾಡುವುದನ್ನು ನೋಡಿದರೆ ನನಗೆ ಸಾಲದು. ಅದು ಕೆಲಸ ಮಾಡದ ಕಡೆ ಪುಟ ಹೇಗೆ ಕಾಣುತ್ತದೆ ಎಂಬುದನ್ನೂ ಕಣ್ಣಾರೆ ನೋಡಿದ ಮೇಲೆಯೇ ಪ್ರಯೋಗ ಮುಗಿಯಿತು ಎಂದುಕೊಳ್ಳುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೂ ನನ್ನ ಉತ್ತರ ಇದೇ.

ಈ ದೃಷ್ಟಿಯಿಂದ ತಂತ್ರಗಳಲ್ಲಿ ಎರಡು ಬಗೆ. ವ್ಯೂ ಟ್ರಾನ್ಸಿಷನ್ ತೆಗೆದುಕೊಳ್ಳಿ: ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಚಿತ್ರ ಮೆಲ್ಲಗೆ ಜಾರಿ ತನ್ನ ಜಾಗ ಸೇರುವ ಈ ಸೌಲಭ್ಯ 2024ರ ಜೂನ್‌ನಲ್ಲಿ ಕ್ರೋಮ್ 126ರಲ್ಲಿ ಬಂತು. ಗೊತ್ತಿಲ್ಲದ ಬ್ರೌಸರಿನಲ್ಲಿ ಪುಟ ಎಂದಿನಂತೆ ತೆರೆದುಕೊಳ್ಳುತ್ತದೆ, ಯಾರಿಗೂ ನಷ್ಟವಿಲ್ಲ. ಅಂಥದ್ದನ್ನು ಕ್ಲೈಂಟ್ ಪುಟಕ್ಕೆ ಬೇಗ ತರಬಹುದು. ವಿನ್ಯಾಸದ ಅಸ್ಥಿಪಂಜರವೇ ಆಗಿರುವ ತಂತ್ರಗಳ ಮಾತು ಬೇರೆ. ಸಬ್‌ಗ್ರಿಡ್ 2019ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 71ರಲ್ಲಿ ಬಂದರೂ ಕ್ರೋಮ್‌ಗೆ ಬರಲು 2023ರ ಸೆಪ್ಟೆಂಬರ್ ಆಯಿತು. ಆ ಸುಮಾರು ನಾಲ್ಕು ವರ್ಷ ಅದು ಸ್ವಂತ ಪುಟಗಳಲ್ಲಿ ಕಲಿಯುವ ವಸ್ತುವಾಗಿಯೇ ಇರಬೇಕಾಗಿತ್ತು. ಈಗ ಬೇಸ್‌ಲೈನ್ ಎಂಬ ಗುರುತು ಇರುವುದರಿಂದ ಲೆಕ್ಕ ಸುಲಭವಾಗಿದೆ: ಮುಖ್ಯ ಬ್ರೌಸರ್‌ಗಳೆಲ್ಲಕ್ಕೂ ಬಂದ ದಿನದಿಂದ 30 ತಿಂಗಳು ಕಳೆದ ಸೌಲಭ್ಯವನ್ನು ಅದು ವ್ಯಾಪಕವಾಗಿ ಲಭ್ಯ ಎಂದು ತೋರಿಸುತ್ತದೆ. ಅಸ್ಥಿಪಂಜರದ ತಂತ್ರಗಳಿಗೆ ನಾನು ಆ ಗುರುತಿಗಾಗಿ ಕಾಯುತ್ತೇನೆ.

ಆಯ್ಕೆಯ ಬಗ್ಗೆ ಒಂದೇ ಮಾತು. ಒಂದು ಪುಟದಲ್ಲಿ ಒಂದೇ ಹೊಸ ತಂತ್ರವಿರಲಿ. ಮೂರು ಇದ್ದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ರೇಷ್ಮೆ ಗೂಡು (ಶಿಡ್ಲಘಟ್ಟ)

ಅಂತರಗಂಗೆಯವರು ಹೇಳಿದ್ದೆಲ್ಲ ಸರಿ. ಆದರೆ ತಂತ್ರವನ್ನು ಮೊದಲು ಆರಿಸಿ, ಆಮೇಲೆ ಅದಕ್ಕೊಂದು ಪುಟ ಹುಡುಕುವುದರಿಂದಲೇ ಆ ಹದಿನಾಲ್ಕೂ ನಿಂತುಹೋಗಿವೆ ಎಂದು ನನಗೆ ಅನ್ನಿಸುತ್ತದೆ. ಹದಿನೈದನೆಯದನ್ನು ಬಿಡಲು ನಿಮಗೆ ಮನಸ್ಸಾಗದಿರುವುದು ಅದರಲ್ಲಿ ಅಜ್ಜಿ ಇರುವುದರಿಂದ. ಆ ಪುಟವನ್ನು ಬಳಸುವವರು ಮನೆಯಲ್ಲೇ ಒಬ್ಬರಿದ್ದರೆ, ಅವರೇ ನಿಮಗೆ ಬೇಕಾದ ತಂತ್ರವನ್ನು ಆರಿಸಿಕೊಡುತ್ತಾರೆ.

ನನ್ನದೇ ಸಂಗತಿ ಹೇಳುತ್ತೇನೆ. ನಮ್ಮ ತಂದೆಯವರು ಪ್ರತಿ ರೇಷ್ಮೆ ಬೆಳೆಯ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತಾರೆ: ಎಷ್ಟು ಮೊಟ್ಟೆ ತಂದರು, ಎಷ್ಟು ಕೆ.ಜಿ. ಗೂಡು ಬಂತು, ಯಾವ ಮಾರುಕಟ್ಟೆಯಲ್ಲಿ ಲಾಟು ಯಾವ ದರಕ್ಕೆ ಹೋಯಿತು. ಅದನ್ನು ಅವರು ಮಾರುಕಟ್ಟೆಯಲ್ಲಿ ನಿಂತು ಫೋನಿನಲ್ಲಿ ನೋಡುವಂತಾಗಲಿ ಎಂದು ಒಂದೊಂದು ಬೆಳೆಗೆ ಒಂದೊಂದು ಕಾರ್ಡ್ ಮಾಡಿದೆ. ಅದೇ ಕಾರ್ಡ್ ದೊಡ್ಡ ಪರದೆಯ ಅಂಚಿನ ಸಣ್ಣ ಅಂಕಣದಲ್ಲಿಯೂ ಕೂರಬೇಕಿತ್ತು. ಪರದೆಯ ಅಗಲವನ್ನು ಕೇಳುವ ಮೀಡಿಯಾ ಕ್ವೆರಿಯಿಂದ ಅದು ಆಗದು. ತಾನಿರುವ ಜಾಗದ ಅಗಲವನ್ನು ಕೇಳುವ ಕಂಟೇನರ್ ಕ್ವೆರಿಯೇ ಬೇಕು. 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ಗೂ ಅದು ಬಂದಿದ್ದರಿಂದ ಕೈಹಾಕಿದೆ.

ಮೊದಲ ದಿನ ಕಾರ್ಡ್‌ಗಳೆಲ್ಲ ಮಾಯವಾದವು. ಪರದೆಯಲ್ಲಿ ಉಳಿದದ್ದು ಕೂದಲೆಳೆಯಂಥ ಲಂಬ ಗೆರೆಗಳು ಮಾತ್ರ. ಹತ್ತಿರದಿಂದ ನೋಡಿದಾಗ ಅವು ಕಾರ್ಡ್‌ಗಳ ಎಡ ಬಲ ಅಂಚುಗಳೆಂದು ತಿಳಿಯಿತು. ಎರಡು ರಾತ್ರಿ ಹುಡುಕಿದ ಮೇಲೆ ಕಾರಣ ಹೊಳೆಯಿತು. ಒಂದು ಪೆಟ್ಟಿಗೆಯನ್ನು ಕಂಟೇನರ್ ಎಂದು ಘೋಷಿಸಿದ ಕೂಡಲೇ ಅದು ತನ್ನ ಅಗಲವನ್ನು ಒಳಗಿನ ಅಕ್ಷರಗಳಿಂದ ಅಳೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಅಗಲ ನೋಡಿ ಅಕ್ಷರ ಬದಲಾಗಿ, ಅಕ್ಷರ ನೋಡಿ ಅಗಲ ಬದಲಾಗಿ ಅದಕ್ಕೆ ಕೊನೆಯೇ ಇರುವುದಿಲ್ಲ. ನನ್ನ ಕಾರ್ಡ್‌ಗಳು ಫ್ಲೆಕ್ಸ್ ಸಾಲಿನಲ್ಲಿದ್ದು, ಬೆಳೆಯಲು ಅವಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ. ಹಾಗಾಗಿ ಅಗಲ ಸೊನ್ನೆಯಾಗಿತ್ತು. ಜೊತೆಗೆ, ಕಂಟೇನರ್ ಆದ ಪೆಟ್ಟಿಗೆ ತನ್ನನ್ನೇ ತಾನು ಅಳೆದು ತನ್ನ ರೂಪ ಬದಲಿಸಲಾರದು, ಒಳಗಿನವುಗಳ ರೂಪವನ್ನು ಮಾತ್ರ ಬದಲಿಸಬಲ್ಲದು. ಹೊರಗೆ ಇನ್ನೊಂದು ಪೆಟ್ಟಿಗೆಯಿಟ್ಟು ಅದನ್ನೇ ಕಂಟೇನರ್ ಮಾಡಿ, ಅದಕ್ಕೆ ಅಗಲ ಕೊಟ್ಟ ಮೇಲೆ ಎಲ್ಲವೂ ಸರಿಹೋಯಿತು. ಮುಂದೆ ಕ್ಲೈಂಟ್ ಕೆಲಸದಲ್ಲಿ ಇದೇ ಗೆರೆಗಳು ಕಂಡಾಗ ಐದು ನಿಮಿಷದಲ್ಲಿ ಬಗೆಹರಿಸಿದೆ.

ತಂದೆಯವರು ಕಂಡುಹಿಡಿದ ದೋಷ ಇನ್ನೊಂದು. "ಈ ರೂಪಾಯಿ ಗುರುತು ಯಾಕಮ್ಮ ಬೇರೆ ಥರ ಇದೆ?" ಎಂದು ಕೇಳಿದರು. ಫಾಂಟ್ ಹಗುರವಾಗಲಿ ಎಂದು ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನ 128 ಸ್ಥಾನಗಳ ಕನ್ನಡ ವಲಯಕ್ಕೆ ಮಾತ್ರ ಅದನ್ನು ಅನ್ವಯಿಸಿದ್ದೆ. ₹ ಚಿಹ್ನೆ ಇರುವುದು ಆ ವಲಯದಲ್ಲಲ್ಲ, ಕರೆನ್ಸಿ ಚಿಹ್ನೆಗಳ ವಲಯದಲ್ಲಿ. ಹಾಗಾಗಿ ದರದ ಅಂಕಿಯ ಮುಂದೆ ಬೇರೊಂದು ಫಾಂಟಿನ ತೆಳ್ಳನೆಯ ಗುರುತು ಬಂದು ಕೂತಿತ್ತು. ನಾನು ತಿಂಗಳುಗಟ್ಟಲೆ ನೋಡಿಯೂ ಕಂಡಿರಲಿಲ್ಲ.

ಇನ್ನು ನಿಮ್ಮ "ಪ್ರಾಣಿ". ಬ್ರೌಸರು ಅಕ್ಷರವನ್ನು ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುವ ಯುನಿಕೋಡ್ ನಿಯಮದಲ್ಲಿ ಕನ್ನಡದ ಅರ್ಧಾಕ್ಷರ ಬಂದಲ್ಲಿ ಒಂದು ಗುಂಪು ಮುಗಿಯುತ್ತದೆ. ಆದ್ದರಿಂದ ಒತ್ತಕ್ಷರ ಬೇರೆಯಾಗಿ ಬೀಳುತ್ತದೆ. ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಆ ಸೆಲೆಕ್ಟರನ್ನು ನೆಚ್ಚಬೇಡಿ. "ಪ್ರಾ" ಎಂಬ ಪೂರ್ಣ ಅಕ್ಷರವನ್ನು, ಪಠ್ಯದ ಒಂದು ತುಣುಕನ್ನು ಬೇರೆಯಾಗಿ ಗುರುತಿಸುವ ಸ್ಪ್ಯಾನ್ ಟ್ಯಾಗ್ ಒಳಗೆ ನೀವೇ ಕೈಯಾರೆ ಇಡಿ. ನಿಮ್ಮ ಒಗಟುಗಳ ಸಂಖ್ಯೆಗೆ ಅದು ದೊಡ್ಡ ಕೆಲಸವಲ್ಲ. ದೊಡ್ಡ ಅಕ್ಷರಕ್ಕೆ ಸಾಲಿನ ಎತ್ತರ ಬಿಗಿಯಾಗಿದ್ದು, ಪೆಟ್ಟಿಗೆಯಿಂದ ಹೊರಬಂದದ್ದನ್ನು ಮರೆಮಾಡುವ ನಿಯಮವೂ ಇದ್ದರೆ "ಲ್ಲಿ", "ಸ್ತ್ರೀ"ಗಳ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಮಾದರಿ ಪುಟಗಳಿಂದ 1.2 (ಅಕ್ಷರದ ಗಾತ್ರದ 1.2 ಪಟ್ಟು) ಎಂಬ ಸಾಲಿನ ಎತ್ತರವನ್ನು ಹಾಗೆಯೇ ಎತ್ತಿಕೊಳ್ಳದೆ, ಕನ್ನಡಕ್ಕೆ 1.6ರಿಂದ ಆರಂಭಿಸಿ ನೋಡಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ಪ್ರಯೋಗಗಳೆಲ್ಲ ಮುಗಿಯಲೇಬೇಕೆಂದು ನಾನು ಒಪ್ಪುವುದಿಲ್ಲ. ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ವೆಬ್ ವಿನ್ಯಾಸ ಹೇಳಿಕೊಡುತ್ತೇನೆ. ಅರ್ಧಕ್ಕೆ ಬಿಟ್ಟ ಪ್ರತಿ ಫೋಲ್ಡರಿನಲ್ಲಿಯೂ ಏನು ಮಾಡಲು ಹೊರಟೆ, ಎಲ್ಲಿ ಸಿಕ್ಕಿಕೊಂಡೆ, ಯಾವ ಬ್ರೌಸರಿನ ಯಾವ ಆವೃತ್ತಿಯಲ್ಲಿ ನೋಡಿದೆ ಎಂದು ನಾಲ್ಕು ಸಾಲು ಬರೆದಿಡಲು ಅವರಿಗೆ ಹೇಳುತ್ತೇನೆ. ಬ್ರೌಸರ್‌ಗಳು ಬದಲಾಗುತ್ತಿರುತ್ತವೆ, ಇಂದು ಸಿಕ್ಕಿಕೊಂಡ ಜಾಗದಲ್ಲಿ ಒಂದು ವರ್ಷದ ನಂತರ ಏನೂ ಮಾಡದೆಯೇ ಪುಟ ಸರಿಯಾಗಿ ಕಾಣುವುದುಂಟು, ಆ ನಾಲ್ಕು ಸಾಲು ಇಲ್ಲದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ಚಲಿಸುವ ಚಿತ್ರಗಳಿರುವ ಆ ಮೂರು ಪುಟಗಳನ್ನು ಯಾರಿಗಾದರೂ ತೋರಿಸುವ ಮೊದಲು, ಚಲನೆ ಕಡಿಮೆಯಿರಲಿ ಎಂದು ಫೋನಿನಲ್ಲಿ ಆಯ್ಕೆ ಮಾಡಿಕೊಂಡವರಿಗೆ ಅದು ನಿಲ್ಲುವಂತೆ ದಯವಿಟ್ಟು ಮಾಡಿ. ತಲೆಸುತ್ತು ಬರುವವರಿಗೆ ಅಂಥ ಪುಟ ನಿಜಕ್ಕೂ ಹಿಂಸೆ.

ಅಮಾನಿಕೆರೆ ದಂಡೆ (ತುಮಕೂರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹತ್ತು ದಿನ ಕೆಲಸ ಮಾಡಿ ಮರಳಿ ಬರೆಯುತ್ತಿದ್ದೇನೆ. "ಪ್ರಾ" ಈಗ ಒಟ್ಟಿಗೆ ದೊಡ್ಡದಾಗಿದೆ, ಒತ್ತುಗಳು ಎಲ್ಲಿಯೂ ಕತ್ತರಿಸಿಹೋಗುತ್ತಿಲ್ಲ. ಹಳೆಯ ಹದಿನಾಲ್ಕು ಫೋಲ್ಡರ್‌ಗಳಲ್ಲಿ ಒಂಬತ್ತಕ್ಕೆ ನಾಲ್ಕು ಸಾಲಿನ ಟಿಪ್ಪಣಿ ಬರೆದಿದ್ದೇನೆ. ಉಳಿದ ಐದರಲ್ಲಿ ಏನು ಮಾಡಲು ಹೊರಟಿದ್ದೆ ಎಂಬುದು ನನಗೇ ನೆನಪಾಗಲಿಲ್ಲ.

ಒಗಟಿನ ಪುಟಕ್ಕೆ ಒಂದೇ ಹೊಸ ತಂತ್ರ ಇಟ್ಟುಕೊಂಡೆ. ಮುಟ್ಟಿದರೆ ತೆರೆದು ಮುಚ್ಚುವ ಡೀಟೇಲ್ಸ್ ಅಂಶಗಳಿಗೆಲ್ಲ ಒಂದೇ ಹೆಸರು ಕೊಟ್ಟರೆ ಒಂದು ಉತ್ತರ ತೆರೆದಾಗ ಹಿಂದಿನದು ತಾನಾಗಿ ಮುಚ್ಚಿಕೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ಕ್ರೋಮ್ 120ರಲ್ಲಿ ಬಂದದ್ದು. ಹಳೆಯ ಬ್ರೌಸರಿನಲ್ಲಿ ಎರಡೂ ತೆರೆದಿರುತ್ತವೆ, ತೊಂದರೆಯಿಲ್ಲ ಎಂದು ಅಂತರಗಂಗೆಯವರು ಹೇಳಿದಂತೆ ನೋಡಿಯೂ ಖಚಿತಪಡಿಸಿಕೊಂಡೆ. ಆಮೇಲೆ ಅಮ್ಮನ ಕೈಗೆ ಫೋನ್ ಕೊಟ್ಟೆ. ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮ ಮೊದಲನೆಯ ಒಗಟನ್ನು ತೆರೆದರು, ಎರಡನೆಯದನ್ನು ತೆರೆದರು, ಮಲ್ಲಿಗೆ ಮುಚ್ಚಿಹೋಯಿತು. "ಮಗು ಇನ್ನೂ ನೋಡ್ತಿತ್ತು, ಅದ್ಯಾಕೆ ಮುಚ್ಕೊಳ್ತು?" ಎಂದರು. ಮಗುವಿಗೆ ಗೊತ್ತಾದ ಉತ್ತರಗಳೆಲ್ಲ ಕಣ್ಣ ಮುಂದೆಯೇ ಇರಬೇಕು, ಎಷ್ಟು ಬಿಡಿಸಿದೆ ಎಂದು ಅದು ಎಣಿಸುತ್ತಿರುತ್ತದೆ ಎಂಬುದು ಅವರ ವಿವರಣೆ.

ಆ ಹೆಸರನ್ನು ತೆಗೆದುಹಾಕಿದ್ದೇನೆ. ಬಿಡಿಸಿದ ಒಗಟುಗಳನ್ನು ಮೇಲೆ ಎಣಿಸಿ ತೋರಿಸುವುದನ್ನು ಸಿಎಸ್‌ಎಸ್‌ನ ಕೌಂಟರ್ ಒಂದರಿಂದಲೇ ಮಾಡಲು ಸಾಧ್ಯವೇ ಎಂದು ಇವತ್ತು ರಾತ್ರಿ ನೋಡಬೇಕು. ಸದ್ಯ ನಲವತ್ತೊಂದು ಒಗಟುಗಳಿವೆ. ಇನ್ನಷ್ಟು ಬರೆದುಕೊಂಡು ಬರಲು ಭಾನುವಾರ ಪಾವಗಡದ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೇನೆ.